ಓರೆ ತುದಿ ಮಣ್ಣಿಗೆ

ಮಾರ್ಚ್ ತಿಂಗಳ ಬೆಳಗಿನ ಆರು ಗಂಟೆ. ಉತ್ತರ ವಿಸ್ಕಾನ್ಸಿನ್ನಿನ ಈ ಜೌಗಿನಲ್ಲಿ ಹಿಮ ಇನ್ನೂ ಕರಗಿಲ್ಲ. ನಡುವೆ ಎಲೆಯಿಲ್ಲದ ಡಾಗ್‌ವುಡ್ ಪೊದೆಗಳು ಕಡುಗೆಂಪು ಕಾಂಡ ಬಿಟ್ಟುಕೊಂಡು ನಿಂತಿವೆ. ನರ್ಸರಿಯ ವರ್ನಾ ಹಾಲ್ವರ್ಸನ್, ವಯಸ್ಸು ಅರವತ್ತೊಂದು, ಬಗ್ಗಿ ಕಡ್ಡಿ ಕೊಯ್ಯುತ್ತಿದ್ದಾರೆ.

"ಇವಕ್ಕೆ ಕಾಲು ಒದ್ದೆ ಇದ್ರೆ ಸಾಕು ಕಣ್ರೀ, ಬೇರೇನೂ ಕೇಳಲ್ಲ" ಎನ್ನುತ್ತಾರೆ.

ಬೂದುಗಟ್ಟಿದ ಹಳೆಯ ಕಾಂಡವನ್ನು ಬುಡಕ್ಕೇ ಕಡಿದರೆ ಹೊಸ ಚಿಗುರಿಗೆ ಬಣ್ಣ ಬರುತ್ತದೆ. ಎಳೆಯ ಕಡ್ಡಿಯನ್ನು ಗೇಣುದ್ದ ತುಂಡರಿಸಿ, ಬುಡದ ತುದಿಯನ್ನು ಓರೆಯಾಗಿ, ಮೇಲಿನದನ್ನು ನೇರವಾಗಿ ಕೊಯ್ಯಬೇಕು. ಓರೆ ತುದಿ ಮಣ್ಣಿಗೆ. ದಂಡೆ ಕುಸಿಯದಿರಲೆಂದು ಚಳಿಯಲ್ಲಿ ಕೈಗವಸು ತೊಟ್ಟು ಹೊಳೆಯ ಬದಿಗೆ ನೆಡುವವರು ಬೇರೆ ಗುರುತು ನೋಡುವುದಿಲ್ಲ. ಬೆಳಗಿಗೆ ನಾನೂರು ಕಡ್ಡಿ, ಇಪ್ಪತ್ತಾರು ವರ್ಷದಿಂದ. ಇಷ್ಟು ದುಡಿದವರನ್ನು ಊರು ಒಮ್ಮೆಯೂ ನೆನೆದಿಲ್ಲವಲ್ಲ ಎಂದು ಪತ್ರಿಕೆಗೆ ಬರೆಯಲು ಬಂದ ನಾನು ಅಂದರೆ ವರ್ನಾ ಮುಖ ತಿರುಗಿಸುತ್ತಾರೆ.

"ಹೊಗಳೋದು ಬೇಡ. ಮೊದ್ಲು ಇದನ್ನ ಬರ್ಕೊಳ್ಳಿ."

ಮೂರು ವರ್ಷದ ಹಿಂದಿನ ಮಾತು. ಶಾಲೆಯ ಹಿಂದಿನ ಹೊಳೆದಂಡೆಗೆ ಇವರು ಕೊಯ್ದ ನಾನೂರು ಕಡ್ಡಿಗಳನ್ನು ನೆಡುವ ಕೆಲಸದ ಎಲ್ಮರ್ ಕುಜ್ಮಾ ನೆಟ್ಟರು. ಚಿಗುರಿದ್ದು ನಾಲ್ಕೇ. ಮರುವರ್ಷ ಹಿಮ ಕರಗಿದ ನೀರಿಗೆ ದಂಡೆ ಕುಸಿದು, ಮಕ್ಕಳು ನಡೆಯುವ ದಾರಿಯೂ ಹೋಯಿತು. ಕಡ್ಡಿ ಒಣಗಿಸಿ ನೆಟ್ಟ ಎಂದು ಊರು ಎಲ್ಮರ್ ಅವರನ್ನು ದೂರಿತು. ಅವರಿಗೆ 'ಒಣಗಡ್ಡಿ' ಎಂಬ ಹೆಸರೇ ಬಿತ್ತು.

"ಒಂದು ಕಡ್ಡಿ ಕಿತ್ತು ನೋಡ್ದೆ. ಮೊಗ್ಗೆಲ್ಲ ಕೆಳಮುಖ! ಅವತ್ತು ಕಟ್ಟನ್ನ ತಿರುಗಾಮುರುಗಾ ಇಟ್ಕೊಂಡು, ಮಾತಾಡ್ತಾ ಮೇಲಿನ ತುದಿಗೇ ಓರೆ ಕೊಯ್ದುಬಿಟ್ಟಿದ್ದೆ. ಊರವರೆಲ್ಲ ಸೇರೋ ಶುಕ್ರವಾರದ ಮೀನೂಟದಲ್ಲಿ ಎಲ್ರೂ 'ಒಣಗಡ್ಡಿ' ಅಂತ ನಕ್ರು. ನಾನೂ ನಕ್ಕೆ ಕಣ್ರೀ." ನಕ್ಕಿದ್ದನ್ನು ಹೇಳುವಾಗ ವರ್ನಾರ ಕಿವಿಯವರೆಗೂ ಕೆಂಪೇರುತ್ತದೆ. ತಪ್ಪಿಗಿಂತ ಆ ನಗುವೇ ಅವರನ್ನು ಹೆಚ್ಚು ತಿಂದಿದೆ.

ಅಷ್ಟರಲ್ಲಿ ಕಟ್ಟು ಒಯ್ಯಲು ಎಲ್ಮರ್ ಟ್ರಕ್ಕಿನಲ್ಲಿ ಬರುತ್ತಾರೆ. ಅದೇ ದಂಡೆಗೆ ಈ ಸಲ ಮತ್ತೆ ನೆಡಬೇಕಿದೆ. ವರ್ನಾ ಕತ್ತಿ ಕೆಳಗಿಟ್ಟು, ತಲೆ ಎತ್ತದೆ ಎಲ್ಲ ಹೇಳುತ್ತಾರೆ.

"ಇಷ್ಟು ದಿನ ನನ್ನ ಪಕ್ಕದಲ್ಲೇ ಕೂತು ಮೀನು ತಿಂದ್ಯಲ್ಲೇ!" ಎನ್ನುತ್ತಾರೆ ಎಲ್ಮರ್.

"ತಿಂದೆ. ಇವ್ರಿಗೆ ಪೇಪರಲ್ಲಿ ನನ್ನ ಫೋಟೊ ಬೇಡ ಅಂದಿದೀನಿ. ಎಲ್ಮರ್ ಕಡ್ಡಿ ಒಣಗಿಸಿರಲಿಲ್ಲ ಅಂತ ದೊಡ್ಡಕ್ಷರದಲ್ಲಿ ಹಾಕಿದ್ರೆ ಸಾಕು."

ಎಲ್ಮರ್ ಕಟ್ಟುಗಳ ದಾರ ಬಿಚ್ಚಿ ಕಡ್ಡಿಗಳನ್ನೆಲ್ಲ ಹಲಗೆಯ ಮೇಲೆ ಸುರಿಯುತ್ತಾರೆ. "ಒಂದೊಂದನ್ನೂ ತೋರ್ಸು. ಮೊಗ್ಗು ಯಾವ ಕಡೆ ಅಂತ ನಾನು ನೋಡ್ಬೇಕು."

ಇಪ್ಪತ್ತಾರು ವರ್ಷದಲ್ಲಿ ಇವರ ಕೊಯ್ತವನ್ನು ಯಾರೂ ಪರೀಕ್ಷಿಸಿದ್ದಿಲ್ಲ. ವರ್ನಾ ಕೈಗವಸು ಕಳಚಿ ಮೊದಲ ಕಡ್ಡಿ ಎತ್ತಿಕೊಳ್ಳುತ್ತಾರೆ.