ಜೋತುಬಿದ್ದ ಗಾಲಿಯ ಅಳತೆ

ಜಾಹಿದ ಉಸ್ತಾದ ನಾಲ್ಕು ಗಿರಾಕಿಗಳ ಮುಂದೆ ತನ್ನ ಕೈಯೊಳಗಿನ, ನಟ್ಟು ಬಿಗಿಯುವ ಪಾನಾ ಕಸಿದುಕೊಂಡಿದ್ದನ್ನು ಮಾಳಿಂಗ ಹನ್ನೊಂದು ವರ್ಷವಾದರೂ ಮರೆತಿಲ್ಲ. "ಕಣ್ಣಳತಿ ಮಿಸ್ತ್ರಿ ನೀ. ನೀ ಕಟ್ಟಿದ ಗಾಡ್ಯಾಗ ನಾ ಕುಂದ್ರಂಗಿಲ್ಲ ಮಾಳ್ಯಾ" ಅಂದಿದ್ದ ಉಸ್ತಾದ. ಅವತ್ತೇ ಉಸ್ತಾದನ ಹಿಪ್ಪರಗಿ ಗ್ಯಾರೇಜಿನಿಂದ ಹೊರಬಿದ್ದು ಸಿಂದಗಿಯಲ್ಲಿ ಸ್ವಂತ ಗ್ಯಾರೇಜು ಹಾಕಿದ. ಅಂದಿನಿಂದ ಕಣ್ಣಳತೆ ಬಂದ್. ಮಗಳು ಶಿವಾನಿಯ ಕೋನಮಾಪಕಕ್ಕೆ ದಾರ ಕಟ್ಟಿ, ದಾರಕ್ಕೊಂದು ನಟ್ಟು ಇಳಿಬಿಟ್ಟು ಅಳೆಯುತ್ತಾನೆ.

ಗುರುನಾಥ ಸಾವ್ಕಾರರ ಜೀಪಿಗೂ ಹಾಗೆಯೇ ಅಳೆದ. ಆಲಮಟ್ಟಿ ಕಾಲುವೆಯ ಕೆಸರಿನಲ್ಲಿ ಹೊಟ್ಟೆ ತಾಗುತ್ತದೆಂದು ಅದನ್ನು ನಾಲ್ಕು ಇಂಚು ಎತ್ತಿಸಿದ್ದರು. ಗಾಡಿ ಎತ್ತರವಾದರೆ ಹಿಂದಿನ ಗಾಲಿ ತಿರುಗಿಸುವ ಶಾಫ್ಟು ಡೊಂಕಾಗುತ್ತದೆ. ಅದರ ಎರಡೂ ತುದಿಯ ಕೋನ ಸಮ ಬರುವಂತೆ ಗಾಡಿಯ ಭಾರ ಹೊರುವ ಸ್ಪ್ರಿಂಗ್ ಪಟ್ಟಿ, ಅಂದರೆ ಪಾಟಾದ ಕೆಳಗೆ ಕಬ್ಬಿಣದ ಬೆಣೆಯಂಥ ಪಚ್ಚರ ಕೊಡಬೇಕು. ಕೊಟ್ಟಿದ್ದ.

ಬೆಳಿಗ್ಗೆ ಸಾವ್ಕಾರರು ಕೀಲಿ ಇಸಿದುಕೊಂಡು, "ಹಿಪ್ಪರಗಿಯೊಳಗ ಜಾಹಿದ ಉಸ್ತಾದರನ್ನ ಹತ್ತಿಸ್ಕೊಂಡು ಬಾಗೇವಾಡಿಗೆ ಹೊಕ್ಕೇನಿ. ನಿನ್ನ ಕೆಲಸ ಅವರೂ ಒಂದೀಟ ನೋಡ್ಲಿ" ಎಂದು ಹೊರಟರು. ನೋಡಲಿ ಮುದುಕ, ಅಂದುಕೊಂಡ ಮಾಳಿಂಗ.

ಅರ್ಧ ತಾಸಿಗೆ ಶಿವಾನಿ ಬಂದಳು. "ಅಪ್ಪಾ, ಕೋನಮಾಪಕ ಕೊಡು. ಸಾಲ್ಯಾಗ ಪರೀಕ್ಷಾ ಐತಿ."

ಕೊಡುವಾಗ ಕಣ್ಣು ಮೂಲೆಯ ಬೇವಿನ ದಿಮ್ಮಿಗಳ ಮೇಲೆ ಬಿತ್ತು. ಜೀಪನ್ನು ಅವುಗಳ ಮೇಲೆ ಎತ್ತಿ ಕೂಡಿಸಿಯೇ ಅಳೆದಿದ್ದ. ಗಾಲಿಗಳು ಗಾಳಿಯಲ್ಲಿ ಜೋತಾಡುತ್ತಿದ್ದವು! ನೆಲಕ್ಕಿಳಿದು ಪಾಟಾದ ಮೇಲೆ ಭಾರ ಕುಳಿತರೆ ಕೋನವೇ ಬೇರೆ. ವೇಗದಲ್ಲಿ ಶಾಫ್ಟು ನಡುಗಿ ನಡುಗಿ ಕಳಚಿದರೆ, ರಸ್ತೆಗೆ ಊರಿ ಗಾಡಿ ಪಲ್ಟಿ.

ಸಾವ್ಕಾರರಿಗೆ ಏಳು ಸಲ ಫೋನ್ ಮಾಡಿದ. ಎತ್ತಲಿಲ್ಲ. ತೆಳ್ಳನೆಯ ಪಚ್ಚರ ಚೀಲಕ್ಕೆ ತುರುಕಿ ಬೈಕ್ ಹತ್ತಿದ. ಎದುರು ಬಂದ ಲಾರಿಯವರ ಮುಖಗಳನ್ನೆಲ್ಲ ನೋಡಿದ, ಮುಂದೆ ಏನಾದರೂ ಕಂಡಿದ್ದಾರೋ ಎಂದು. ದಾರಿಗಡ್ಡ ಬಂದ ಕುರಿಯವನಿಗೆ ಬೈದ. ಕುರಿಗಳಿಗೂ ಬೈದ.

ಹಿಪ್ಪರಗಿ ದಾಟಿದ ಮೇಲೆ ಜಾಲಿಗಿಡದ ಬುಡದಲ್ಲಿ ಜೀಪು ನಿಂತಿತ್ತು. ಅಡಿಯಿಂದ ಎರಡು ಕಾಲು ಚಾಚಿದ್ದವು. ಮಾಳಿಂಗ ಬೈಕ್ ಅಲ್ಲೇ ಕೆಡವಿ ಓಡಿದ. ಕಾಲುಗಳು ಅಲ್ಲಾಡಿದವು.

"ಅರವತ್ತಕ್ಕ ನಡಗಾಕತ್ತಿತ್ತು, ನಿಲ್ಲಸ್ರಿ ಅಂದೆ" ಎನ್ನುತ್ತ ಉಸ್ತಾದ ತೆವಳಿ ಹೊರಬಂದ. ಕೈಯಲ್ಲಿ ಪಾನಾ. "ಗಾಲಿ ಜೋತಬಿಟ್ಟ ಅಳದಿ, ಹೌದಿಲ್ಲೋ?"

"ಹೌದ್ರಿ ಉಸ್ತಾದ್."

"ಏನಲೇ, ನಮ್ಮನ್ನ ಮಣ್ಣಾಗ ಇಡಾಕ ನಿಂತಿದ್ದೇನು?" ಸಾವ್ಕಾರರು ಏರಿ ಬಂದರು.

ಉಸ್ತಾದ ಸೀಟಿನ ಮೇಲಿದ್ದ ಅವರ ಫೋನ್ ಎತ್ತಿ ತೋರಿಸಿದ. "ಏಳು ಸಲ ಮಾಡ್ಯಾನ ನೋಡ್ರಿ. ತನ್ನ ತಪ್ಪ ತಾನ ಹಿಡದ ಓಡಿಬಂದಾನ. ನಾ ಕಲಿಸಿದಾಂವ ಇಂವಾ. ಇಲ್ಲೇ ಸರಿ ಮಾಡ್ತಾನ. ಇದರಾಗ ಕುಂತ ನಾ ಬಾಗೇವಾಡಿಗೆ ಬರ್ತೇನಿ." ಪಾನಾವನ್ನು ಮಾಳಿಂಗನ ಕೈಗಿಟ್ಟ. "ಎಲ್ಲೈತೋ ನಿನ್ನ ಕೋನಮಾಪಕ?"

"ಮಗಳು ಸಾಲಿಗೆ ಒಯ್ದಾಳ್ರಿ."

ಉಸ್ತಾದ ನಕ್ಕ. "ಹಂಗಾದ್ರ ಕಣ್ಣಳತಿನ ಮಾಡು."

ಮಾಡಿದ. ಗಾಡಿ ನಡುಗದೆ ಹೋಯಿತು. ಸಾವ್ಕಾರರು ಇವತ್ತಿಗೂ ಅವನ ಗಿರಾಕಿ. ಉಸ್ತಾದನ ಪಾನಾ ಮಾತ್ರ ಮಾಳಿಂಗನ ಬಳಿಯೇ ಉಳಿಯಿತು. ಕೊಟ್ಟು ಒಂದು ಒಳ್ಳೆಯ ಮಾತು ಹೇಳಿ ಬರುತ್ತೇನೆಂದು ಮೂರು ಸಲ ಹಿಪ್ಪರಗಿಗೆ ಹೋದ. ಮೂರು ಸಲವೂ ಹಳೆಯ ಸಿಟ್ಟು ಅಡ್ಡ ಬಂದು, ಚಹಾ ಕುಡಿದು, ಪಾನಾ ಚೀಲದಲ್ಲಿಟ್ಟುಕೊಂಡೇ ತಿರುಗಿ ಬಂದ. ನಾಲ್ಕನೆಯ ಸಲ ಹೋಗುವಷ್ಟರಲ್ಲಿ ಉಸ್ತಾದ ತೀರಿಕೊಂಡಿದ್ದ.