ಅಜ್ಜನ ಏಳು ಮೊಳದ ಮಫ್ಲರು

ಬಾಲ್ಯವು ಕೆಲವರಿಗೆ ಮಲ್ಲಿಗೆಯ ವಾಸನೆಯಾಗಿ ನೆನಪಾಗುತ್ತದಂತೆ. ಕೆಲವರಿಗೆ ಆಗಷ್ಟೇ ಹಂಚಿನಿಂದ ಇಳಿದ ಹೋಳಿಗೆಯ ವಾಸನೆಯಾಗಿ. ನನ್ನ ಪಾಲಿಗೆ ಬಂದದ್ದು ತೋಯ್ದ ಕುರಿಯ ವಾಸನೆ. ಇದ್ದದ್ದನ್ನು ಇದ್ದ ಹಾಗೆ ಹೇಳಬೇಕಲ್ಲ. ವರ್ಷಕ್ಕೊಮ್ಮೆ, ದಸರೆ ಕಳೆದ ಮೇಲೆ, ಟ್ರಂಕಿನ ತಳದಿಂದ ಒಂದು ಮಫ್ಲರನ್ನು ತೆಗೆದು, ಅದರ ಮಡಿಕೆಗಳೊಳಗಿನ ಒಣ ಬೇವಿನೆಲೆ ಝಾಡಿಸಿ, ಮಾಳಿಗೆಯ ಮೇಲೆ ಬಿಸಿಲಿಗೆ ಹರವುತ್ತೇನೆ. ಏಳು ಮೊಳ ಉದ್ದ. ಮನುಷ್ಯನ ಕೊರಳಿಗೆ ಇಷ್ಟು ಬೇಕೇ ಎಂದು ನೀವು ಕೇಳಬಹುದು, ಬೇಡ. ಒಂದು ತುದಿಯಲ್ಲಿ ಒಂದೂವರೆ ಗೇಣು ವಿಲಾಯತಿ ಕೆಂಪು ಉಣ್ಣೆ, ಬೆಕ್ಕಿನ ಮರಿಯಷ್ಟು ಮೆತ್ತಗೆ. ಅದು ತೀರಿದ ಮೇಲೆ ಕುರುಬರ ಹತ್ತಿರ ಕೊಂಡ ಕರಿ ಉಣ್ಣೆ, ಮುಟ್ಟಿದರೆ ಚುಚ್ಚುವಂಥದ್ದು. ನಡುವೆ ಯಾರದೋ ಹಳೆಯ ಸ್ವೆಟರು ಬಿಚ್ಚಿ ಹಾಕಿದ ಗಿಳಿ ಹಸಿರು. ಆಮೇಲೆ ಮತ್ತೆ ಕರಿದು. ಬಿಸಿಲು ತಾಗಿದೊಡನೆ ಆ ಕರಿಯ ಭಾಗದಿಂದ ಕುರಿ ಏಳುತ್ತದೆ. ಅದರ ಹಿಂದೆಯೇ ನಮ್ಮ ಮನೆಯ ಪಡಸಾಲೆ, ಮೂವರು ಹೆಂಗಸರು, ಕಡ್ಡಿಗೆ ಕಡ್ಡಿ ತಾಗುವ ಸಣ್ಣ ಸಪ್ಪಳ. ಇವರೆಲ್ಲರೂ ಕೂಡಿ ಒಂದು ವಿದ್ಯೆಯನ್ನು ಮೂರು ವರ್ಷ ಅಭ್ಯಾಸ ಮಾಡಿದರು. ಆ ವಿದ್ಯೆಯ ವೈಶಿಷ್ಟ್ಯವೆಂದರೆ ಅದರಲ್ಲಿ ಯಾವುದೂ ಮುಗಿಯುತ್ತಿರಲಿಲ್ಲ.

ನಮ್ಮದು ಹಳೇ ಹುಬ್ಬಳ್ಳಿಯ ಹತ್ತಿ ವ್ಯಾಪಾರದ ಮನೆ. ಮುಂದಿನ ಕೋಣೆಯಲ್ಲಿ ಅಜ್ಜ ಕೂತು ವ್ಯಾಪಾರ ಮಾಡುವ ಗಾದಿ, ಅದರ ಹಿಂದೆ ಪಡಸಾಲೆ, ಪಡಸಾಲೆಯ ಕಂಬಕ್ಕೆ ಆತು ಕೂತು ನನ್ನ ಅಪ್ಪನ ತಂಗಿ ನೀಲತ್ತಿ. ಆಕೆ ಹತ್ತೊಂಬತ್ತನೆಯ ವಯಸ್ಸಿನಲ್ಲಿ ಗಂಡನನ್ನು ಕಳೆದುಕೊಂಡು ತವರಿಗೆ ಬಂದವಳು. ನಾನು ಕಾಣುವ ಹೊತ್ತಿಗೆ ಮೂವತ್ತರ ಹತ್ತಿರ ಇದ್ದಳು. ವರ್ಷಕ್ಕೆ ನಾಲ್ಕು ಸಲ ಮಠಕ್ಕೆ ಹೋಗಿ ಬರುವುದನ್ನು ಬಿಟ್ಟರೆ ಹೊಸಿಲು ದಾಟಿದ್ದನ್ನು ನಾನು ನೋಡಿದ್ದು ಒಂದೇ ಸಲ. ಆಕೆಯನ್ನು ಯಾರೂ ಬಯ್ಯುತ್ತಿರಲಿಲ್ಲ, ಹೊಡೆಯುತ್ತಿರಲಿಲ್ಲ. ಮಾತಾಡಿಸುತ್ತಲೂ ಇರಲಿಲ್ಲ. ಬೇಳೆ ಆರಿಸುವುದಿದ್ದರೆ ಬೇಳೆಯ ಮೊರ ಆಕೆಯ ಮುಂದೆ ಬಂದು ಕೂಡುತ್ತಿತ್ತು, ಆರಿಸಿ ಮುಗಿದ ಮೇಲೆ ಎದ್ದು ಹೋಗುತ್ತಿತ್ತು.

ಹಿಂದಿನ ಓಣಿಯಲ್ಲಿ ರೇಲ್ವೆ ಕಾರಕೂನರ ಹೆಂಡತಿ ರುಕ್ಮಾಬಾಯಿ ಇದ್ದರು. ಅವರಿಗೆ ಒಬ್ಬ ಗಾರ್ಡ್ ಸಾಹೇಬರ ಹೆಂಡತಿಯ ಪರಿಚಯವಿತ್ತು. ಆ ಬಾಯಿಯ ಹೆಸರು ಯಾರ ನಾಲಿಗೆಗೂ ಹೊರಳದ್ದರಿಂದ ಎಲ್ಲರೂ ಮೇಡಮ್ ಎಂಬುದನ್ನೇ ತಿರುಚಿ ಆಕೆಯನ್ನು ಮಡ್ಡಮ್ಮ ಎನ್ನುತ್ತಿದ್ದರು. ಮಡ್ಡಮ್ಮನಿಗೆ ಉಣ್ಣೆ ಹೆಣೆಯುವುದು ಬರುತ್ತಿತ್ತು, ಹೊತ್ತು ಕಳೆಯುವುದು ಬರುತ್ತಿರಲಿಲ್ಲ. ಕಲಿಸುತ್ತೇನೆ ಎಂದಳು. ರುಕ್ಮಾಬಾಯಿ ಈ ಸುದ್ದಿ ನೀಲತ್ತಿಗೆ ಮುಟ್ಟಿಸಿದರು. ಎದುರು ಮನೆಯ ಗಂಗವ್ವ, ಯಾವ ಸುದ್ದಿಯನ್ನೂ ತಾನಿಲ್ಲದೆ ಮುಂದೆ ಹೋಗಗೊಡದ ದೊಡ್ಡ ಮೈಯ ಹೆಂಗಸು, ತಾನೂ ಬರುತ್ತೇನೆ ಎಂದಳು. ಉಳಿದದ್ದು ಅಜ್ಜನ ಅಪ್ಪಣೆ.

ಅಜ್ಜ ಅರ್ಜಿಯನ್ನು ಗಾದಿಯ ಮೇಲೆ ಕೂತೇ ವಿಚಾರಣೆಗೆ ತೆಗೆದುಕೊಂಡ. "ಏನದು ದಂಧೆ?"

"ಹೆಣಿಕಿ, ಅಪ್ಪಾರ. ಉಣ್ಣಿದು," ಎಂದಳು ನೀಲತ್ತಿ.

"ಮೂರು ತಲಿಮಾರು ಹತ್ತಿ ಮಾರಿದ ಮನಿಯೊಳಗ ಈಗ ಕುರಿ ಕಟ್ಟತೀರೇನು?"

"ನಿಮಗ ಕೊರಳಿಗೊಂದು ಮಫ್ಲರ ಹೆಣೀಬೇಕಂತ ಮಾಡೇನ್ರಿ."

ಅಜ್ಜನಿಗೆ ಪ್ರತಿ ಚಳಿಗಾಲ ಗಂಟಲು ಕಟ್ಟುತ್ತಿತ್ತು. ಕೊರಳು ಬೆಚ್ಚಗಿಡಲು ಡಾಕ್ಟರು ಹೇಳಿದ್ದರು. ಆತ ಒಂದು ಸಲ ಕೆಮ್ಮಿ, ಆ ಕೆಮ್ಮನ್ನೇ ಸಾಕ್ಷಿಯೆಂದು ಹಿಡಿದು, ತೀರ್ಪು ಕೊಟ್ಟ. "ಆತು. ಆ ಮಫ್ಲರ ಮುಗಿಯೂತನಕಾ ಗುರುವಾರಕ್ಕೊಮ್ಮೆ ಕೂಡ್ರಿ. ಮುಗಿದ ದಿನ ಈ ಸಂತಿ ಬಂದ್." ಅಜ್ಜನ ಬಾಯಿಂದ ಒಮ್ಮೆ ಹೊರಬಿದ್ದ ಮಾತಿಗೆ ತಿದ್ದುಪಡಿ ಇರಲಿಲ್ಲ. ಪೇಟೆಯಲ್ಲಿ ಆತನ ಮರ್ಯಾದೆ ನಿಂತದ್ದೇ ಅದರ ಮೇಲೆ.

ಮಡ್ಡಮ್ಮ ಎಂಟು ಗುರುವಾರ ಬಂದಳು. ಕುರ್ಚಿ ಹಾಕಿದರೂ ಕೂಡದೆ ಚಾಪೆಯ ಮೇಲೆ ಕಾಲು ಚಾಚಿ ಕೂತು, ಮುರುಕು ಕನ್ನಡದಲ್ಲಿ, ಕಡ್ಡಿಯ ಮೇಲೆ ಕುಣಿಕೆ ಏರಿಸುವುದು, ಒಂದು ಸಾಲು ಹೆಣೆಯುವುದು, ತಿರುಗಿಸಿ ಇನ್ನೊಂದು ಸಾಲು ಹೆಣೆಯುವುದು, ಇಷ್ಟನ್ನು ಕಲಿಸಿದಳು. ಕೊನೆಯ ಸಾಲನ್ನು ಬಿಚ್ಚದಂತೆ ಮುಚ್ಚುವುದು ಮುಂದಿನ ವಾರ ಎಂದಳು. ಆ ವಾರದಲ್ಲೇ ಗಾರ್ಡ್ ಸಾಹೇಬರಿಗೆ ಗುಂತಕಲ್ಲಿಗೆ ವರ್ಗವಾಯಿತು. ಅಜ್ಜನ ಅಪ್ಪಣೆ ಪಡೆದು ಮೂವರೂ ಟಾಂಗಾ ಮಾಡಿಕೊಂಡು ಸ್ಟೇಶನ್ನಿಗೆ ಹೋಗಿ, ರುಕ್ಮಾಬಾಯಿಯ ಕೈಯಿಂದ ಆಕೆಗೆ ಉಡಿ ತುಂಬಿಸಿ ಬಂದರು. ಗಾಡಿ ಬಹಳ ತಡವಾಯಿತಂತೆ, ದೀಪ ಹಚ್ಚುವ ಹೊತ್ತಿಗೆ ಮನೆಗೆ ಬಂದರು. ಮುಚ್ಚುವುದನ್ನು ಕಲಿಯಲಿಕ್ಕೇ ಆಗಲಿಲ್ಲ ಎಂದು ನೀಲತ್ತಿ ಅಜ್ಜನಿಗೆ ಹೇಳುವಾಗ ಆಕೆಯ ಕಣ್ಣು ಕೆಂಪಗಿದ್ದವು.

ಹೀಗೆ ಆ ಪಡಸಾಲೆಯಲ್ಲಿ ಒಂದು ಅಪೂರ್ವ ಸ್ಥಿತಿ ಉಂಟಾಯಿತು. ಸುರು ಮಾಡುವುದು ಎಲ್ಲರಿಗೂ ಬರುತ್ತಿತ್ತು, ಮುಗಿಸುವುದು ಯಾರಿಗೂ ಬರುತ್ತಿರಲಿಲ್ಲ. ಕಡ್ಡಿಯಿಂದ ಇಳಿಸಿದರೆ ಬಿಚ್ಚಿಹೋಗುತ್ತದೆ, ಆದ್ದರಿಂದ ಇಳಿಸಬಾರದು, ಆದ್ದರಿಂದ ಹೆಣೆಯುತ್ತಲೇ ಇರಬೇಕು. ಗಂಗವ್ವ ಸುರು ಮಾಡಿದ್ದು ಇನ್ನೂ ಹುಟ್ಟಬೇಕಾಗಿದ್ದ ಮೊಮ್ಮಗನಿಗೆ ತಲೆಯಿಂದ ಬೆನ್ನಿಗಿಳಿಯುವ ಒಂದು ಕುಂಚಿಗೆ. ಮೊಮ್ಮಗ ಹುಟ್ಟಿದ, ಹಲ್ಲು ಬಂದವು, ನಡೆದ, ಕಡೆಗೆ ಅದರ ಅಂಚಿಗೆ ಮೂಗು ಒರೆಸುವಷ್ಟು ದೊಡ್ಡವನಾದ. ಕುಂಚಿಗೆ ಅಷ್ಟರಲ್ಲಿ ಜಮಖಾನೆಯಾಗಿತ್ತು. ರುಕ್ಮಾಬಾಯಿ ಹೆಣೆಯುತ್ತಿದ್ದದ್ದು ಗ್ರಾಮೊಫೋನಿನ ಮೇಲೆ ಹೊದಿಸುವ ಮುಸುಕು. ಅವರ ಮನೆಯಲ್ಲಿ ಗ್ರಾಮೊಫೋನ್ ಇರಲಿಲ್ಲ. ಮುಸುಕು ತಯಾರಾದ ಮೇಲೆ ಗಂಡನಾದವನು ತರದೆ ಎಲ್ಲಿಗೆ ಹೋಗುತ್ತಾನೆ ಎಂಬುದು ಅವರ ಲೆಕ್ಕ.

ಸಭೆಗೆ ಒಂದು ಪದ್ಧತಿ ಇತ್ತು. ಊಟವಾಗಿ ಅಜ್ಜ ಗಾದಿಗೆ ಹೋದ ಮೇಲೆ ಚಾಪೆ ಹಾಸುತ್ತಿದ್ದರು. ನಡುವೆ ಎಲೆ ಅಡಿಕೆಯ ತಟ್ಟೆ. ಎಲೆ ಕೈಗೆತ್ತಿಕೊಳ್ಳುವ ಮೊದಲು ಪ್ರತಿಯೊಬ್ಬರೂ ಮುಂದಿನ ಗುರುವಾರದೊಳಗೆ ಎಷ್ಟು ಹೆಣೆಯುತ್ತೇನೆಂದು ಗಟ್ಟಿಯಾಗಿ ಹೇಳಬೇಕು. ಪೂಜೆಗೆ ಕೂತವರು ಸಂಕಲ್ಪ ಮಾಡುವಷ್ಟೇ ಗಂಭೀರವಾಗಿ ಅದು ನಡೆಯುತ್ತಿತ್ತು. "ನಾ ನಾಕು ಬೆರಳು," ಎನ್ನುತ್ತಿದ್ದಳು ಗಂಗವ್ವ. "ಯಾರ ಬೆರಳು, ಗಂಗಕ್ಕಾ? ನಿಮ್ಮ ನಾಕು ಬೆರಳಂದ್ರ ನಮ್ಮ ಒಂದು ಗೇಣ್ರಿ," ಎನ್ನುತ್ತಿದ್ದರು ರುಕ್ಮಾಬಾಯಿ. ಹೇಳಿದಷ್ಟು ಹೆಣೆಯದೆ ತಪ್ಪಿದವರಿಗೆ ದಂಡ: ಮುಂದಿನ ಗುರುವಾರ ಅವರೇ ಸುಸಲಾ ಮಾಡಿ ತರಬೇಕು. ನೆನೆಸಿ ಹಿಂಡಿದ ಚುರಮುರಿಗೆ ಒಗ್ಗರಣೆ, ಮೇಲೆ ಪುಟಾಣಿ ಹಿಟ್ಟು, ಲಿಂಬೆ. ದಂಡ ಇಷ್ಟು ರುಚಿಯಾಗಿದ್ದ ಕಾರಣ ಸರದಿಯ ಪ್ರಕಾರ ಒಬ್ಬರು ತಪ್ಪುತ್ತಲೇ ಇದ್ದರು. ಒಂದು ತಟ್ಟೆ ಗಾದಿಗೂ ಹೋಗುತ್ತಿತ್ತು. ಅಜ್ಜ ಅದನ್ನು ಸಭೆಗೆ ತನ್ನ ಮಾನ್ಯತೆ ಇದೆಯೆಂದು ಯಾರೂ ತಿಳಿಯಬಾರದು ಅನ್ನುವ ಮುಖ ಮಾಡಿಕೊಂಡು, ತಳ ಕಾಣುವ ತನಕ ತಿನ್ನುತ್ತಿದ್ದ.

ಈಗ ನೆನೆದರೆ ನನಗೆ ಹೆಣಿಗೆಗಿಂತ ಹೆಚ್ಚು ಕೇಳಿಸುವುದು ನೀಲತ್ತಿಯ ನಗೆ. ವಾರದ ಉಳಿದ ಆರು ದಿನ ಆಕೆಗೆ ನಗೆ ಇತ್ತೆಂಬುದೇ ಮನೆಯವರಿಗೆ ಗೊತ್ತಿರಲಿಲ್ಲ. ಗುರುವಾರ ಮಧ್ಯಾಹ್ನ, ಗಂಗವ್ವ ತನ್ನ ಬೀಗರ ವರ್ಣನೆ ತೆಗೆದಳೆಂದರೆ, ನೀಲತ್ತಿ ಮೊದಲು ಸೆರಗು ಬಾಯಿಗೆ ಹಿಡಿಯುತ್ತಿದ್ದಳು, ಆಮೇಲೆ ಕಂಬಕ್ಕೆ ಹಣೆ ಹಚ್ಚುತ್ತಿದ್ದಳು, ಆಮೇಲೆ ತಡೆಯಲಾರದೆ ಬಿದ್ದ ಕುಣಿಕೆಗಳನ್ನು ಹುಡುಕುತ್ತ ಕಣ್ಣೊರೆಸಿಕೊಳ್ಳುತ್ತಿದ್ದಳು. ಆಕೆಯನ್ನು ಹೆಸರು ಹಿಡಿದು ಕರೆಯುವವರು, ನಿನ್ನದೆಷ್ಟಾಯಿತು ಎಂದು ಕೇಳುವವರು ಅವರಿಬ್ಬರೇ. ನಾನು ಮಗ್ಗುಲಲ್ಲಿ ಉಣ್ಣೆಯ ಉಂಡೆ ಹಿಡಿದು ಕೂತಿರುತ್ತಿದ್ದೆ. ಆ ಉಂಡೆ ಸಣ್ಣದಾಗುತ್ತ ಬಂದರೆ ನನಗೆ ಖುಷಿ. ಅತ್ತಿಯ ಮುಖ ಮಾತ್ರ ಆಗ ಸಪ್ಪಗಾಗುತ್ತಿತ್ತು. ಯಾಕೆಂದು ಕೇಳುವ ವಯಸ್ಸು ನನ್ನದಲ್ಲ.

ನಾನು ಮೂರನೆಯ ಇಯತ್ತೆಗೆ ಬಂದೆ. ಸಾಲೆಯಲ್ಲಿ ಹೊಸದಾಗಿ ಬಂದ ಹೊಲಿಗೆಯ ಅಕ್ಕೋರು ಅಂಗೈ ಅಗಲದ ಚೌಕ ಹೆಣೆಸಿದರು. ಹೆಣೆಸಿದ ಮೇಲೆ, ಏನೂ ದೊಡ್ಡ ಮಾತಲ್ಲವೆಂಬಂತೆ, ಮುಚ್ಚುವುದನ್ನೂ ತೋರಿಸಿದರು. ಎರಡು ಕುಣಿಕೆ ಹೆಣೆದು ಹಿಂದಿನದನ್ನು ಮುಂದಿನದರ ಮೇಲಿಂದ ಹಾಯಿಸಿ ಬಿಡುವುದು, ಅಷ್ಟೇ.  ಮೂವರು ಹಿರಿಯ ಹೆಂಗಸರು ಮೂರು ವರ್ಷ ಕಾದಿದ್ದ ವಿದ್ಯೆ ನನ್ನ ಕೈಯಲ್ಲಿತ್ತು. ಅದೇ ವಾರ ಅಜ್ಜನಿಗೆ ಕೆಮ್ಮು ಎದ್ದಿತ್ತು. "ಈ ಮಫ್ಲರ ಬರೂದರಾಗ ಕೊರಳ ಇರಂಗಿಲ್ಲ," ಎಂದು ಆತ ಬೆಳಿಗ್ಗೆಯಷ್ಟೇ ಗೊಣಗಿದ್ದ. ಅಂದು ಸಂಜೆ ಸಾಲೆಯಿಂದ ಬಂದಾಗ ಪಡಸಾಲೆಯಲ್ಲಿ ಯಾರೂ ಇರಲಿಲ್ಲ. ಅತ್ತಿ ಹಿತ್ತಲಲ್ಲಿ ನೀರು ಸೇದುತ್ತಿದ್ದಳು. ಬುಟ್ಟಿಯಲ್ಲಿ ಕಡ್ಡಿ ಸಮೇತ ಮಫ್ಲರು. ಅರವತ್ತು ಕುಣಿಕೆ. ಒಂದನ್ನೂ ಬಿಡದೆ, ಉಸಿರು ಬಿಗಿಹಿಡಿದು, ತುದಿಯಿಂದ ತುದಿಗೆ ಮುಚ್ಚಿದೆ. ಕೊನೆಯ ಎಳೆ ಕತ್ತರಿಸಿ ಎಳೆದು ಬಿಗಿ ಮಾಡಿದೆ. ಬರಿದಾದ ಕಡ್ಡಿಗಳನ್ನು ಬುಟ್ಟಿಯಲ್ಲಿಟ್ಟು ಗಾದಿಗೆ ಓಡಿ ಅಜ್ಜನ ಕೊರಳಿಗೆ ನಾಲ್ಕು ಸುತ್ತು ಸುತ್ತಿದೆ. ಇನ್ನೂ ಎರಡೂ ಕಡೆ ಮೊಣಕಾಲ ತನಕ ಇಳಿಬಿದ್ದಿತ್ತು.

ಅಜ್ಜ ಮುಚ್ಚಿದ ಅಂಚನ್ನು ನೋಡಿದ. "ಮುಗೀತೇನು?"

"ಮುಗೀತು, ಅಜ್ಜಾ. ನಾನ ಮುಗಿಸೇನಿ."

ನೀಲತ್ತಿ ಕೈಯಲ್ಲಿ ಕೊಡ ಹಿಡಿದೇ ಬಾಗಿಲಿಗೆ ಬಂದು ನಿಂತಿದ್ದಳು. ಕೊಡ ಇಳಿಸಿ, ಕೈ ಒರೆಸಿಕೊಂಡು, ಹತ್ತಿರ ಬಂದು ಆ ಅಂಚಿನ ಮೇಲೆ ಬೆರಳಾಡಿಸಿದಳು, ಈ ಕಡೆಯಿಂದ ಆ ಕಡೆಯ ತನಕ. "ಎಷ್ಟು ಚಂದ ಮುಚ್ಚೀಯವ್ವಾ, ಶಾಂತಾ," ಎಂದಳು. "ಒಂದ ಕುಣಿಕಿನೂ ಬಿಟ್ಟಿಲ್ಲ." ನಾನು ಹಿಗ್ಗಿನಲ್ಲಿ ಆಕೆಯ ಮುಖ ನೋಡಲಿಲ್ಲ. ನೋಡಿದ್ದರೂ ಓದಲು ಬರುತ್ತಿರಲಿಲ್ಲ.

ಮುಂದಿನ ಗುರುವಾರ ಗಂಗವ್ವ ಮತ್ತು ರುಕ್ಮಾಬಾಯಿ ಬಂದಾಗ ಅಜ್ಜ ಮಫ್ಲರು ಸುತ್ತಿಕೊಂಡೇ ಬಾಗಿಲಲ್ಲಿ ನಿಂತಿದ್ದ. ಬರ್ರಿ ಎಂದ, ಎಲೆ ಅಡಿಕೆ ಕೊಡಿಸಿದ, ಮಫ್ಲರು ಬಹಳ ಛಲೋ ಆಗಿದೆಯೆಂದು ಹೊಗಳಿದ, ಮತ್ತು ತನ್ನ ಮಾತನ್ನು ನೆನಪಿಸಿದ.  "ಹೌದಲ್ಲರಿ, ಸಾವಕಾರ್ರ. ಮುಗೀತಲ್ಲ," ಎಂದಳು ಗಂಗವ್ವ. ಆಕೆ ಅಷ್ಟು ಚುಟುಕಾಗಿ ಮಾತಾಡಿದ್ದನ್ನು ನಾನು ಕೇಳಿದ್ದು ಅದೊಂದೇ ಸಲ.

ಮೂರು ಗುರುವಾರ ಕಳೆದವು. ಮನೆ ಎಷ್ಟು ನಿಶ್ಶಬ್ದವಾಯಿತೆಂದರೆ ಗಾದಿಯಲ್ಲಿ ಅಜ್ಜ ಪೇಜು ತಿರುವುವುದು ಪಡಸಾಲೆಗೆ ಕೇಳುತ್ತಿತ್ತು. ಸುಸಲಾದ ತಟ್ಟೆಯೂ ಬರಲಿಲ್ಲ. ನಾಲ್ಕನೆಯ ಗುರುವಾರ ಅಜ್ಜ ಊಟವಾದ ಮೇಲೆ ಗಾದಿಗೆ ಹೋಗದೆ ಪಡಸಾಲೆಯಲ್ಲೇ ಸುಳಿದಾಡಿದ. ಮಫ್ಲರಿನ ಒಂದು ತುದಿಯನ್ನು ಕೈಯಲ್ಲಿ ಹಿಡಿದು, ಅದನ್ನು ಮೊದಲ ಸಲ ನೋಡುವವನಂತೆ ನೋಡಿ, "ನೀಲಾ, ಇದು ಸ್ವಲ್ಪ ಗಿಡ್ಡ ಆತೇನು ಅಂತ," ಎಂದ.

ಏಳು ಮೊಳದ ಮಫ್ಲರು. ಅಜ್ಜ ಜೀವಮಾನದಲ್ಲಿ ತನ್ನ ಮಾತಿಗೆ ತಾನೇ ಸಂದು ಹುಡುಕಿದ್ದು ಅದೊಂದೇ ಸಲ.

ನೀಲತ್ತಿ ತಲೆ ಎತ್ತಿದಳು. ನಾನು ಅಲ್ಲೇ ಇದ್ದೆ. "ಉದ್ದ ಮಾಡಬೇಕಂದ್ರ ನಾ ಮುಚ್ಚಿದ್ದು ಬಿಚ್ಚಬೇಕಾಗತೈತಿ, ಅತ್ತಿ," ಎಂದೆ, ಮತ್ತು ಹೇಳುತ್ತಿದ್ದಂತೆಯೇ ನನಗೆ ಅಳು ಬಂತು. "ಯಾರೂ ಬಿಚ್ಚಬಾರದು." ಆಕೆ ಸೆರಗಿನಿಂದ ನನ್ನ ಕಣ್ಣೊರೆಸಿದಳು. ಆಮೇಲೆ, "ಬ್ಯಾಡ ಬಿಡ್ರಿ, ಅಪ್ಪಾರ," ಎಂದಳು. "ಸಾಕಷ್ಟು ಉದ್ದ ಐತಿ." ಬೇಳೆಯ ಮೊರವನ್ನು ಹತ್ತಿರ ಎಳೆದುಕೊಂಡಳು.

ಆಮೇಲೆ ಯುದ್ಧ ಬಂತು, ಉಣ್ಣೆ ಸಿಗದಾಯಿತು, ಎಲ್ಲರಿಗೂ ಅದೊಂದು ನೆಪ ದೊರೆಯಿತು. ರುಕ್ಮಾಬಾಯಿಯ ಗಂಡನಿಗೆ ವರ್ಗವಾಯಿತು. ಗ್ರಾಮೊಫೋನ್ ಬಂತೋ ಇಲ್ಲವೋ ತಿಳಿಯಲಿಲ್ಲ. ಗಂಗವ್ವ ತಾರಿಹಾಳದಲ್ಲಿದ್ದ ಮಗಳ ಮನೆಗೆ ಹೋದಳು. ಅಜ್ಜ ಕಡೆಯ ಚಳಿಗಾಲದ ತನಕ ಆ ಮಫ್ಲರನ್ನು ಸುತ್ತಿಕೊಂಡ, ಬೇಸಿಗೆಯಲ್ಲೂ ಒಮ್ಮೊಮ್ಮೆ. ನಾನು ಗಂಡನ ಮನೆಗೆ ಹೋದ ಎರಡನೆಯ ವರ್ಷ ನೀಲತ್ತಿ ತೀರಿಕೊಂಡಳು. ಆಕೆಯ ಟ್ರಂಕನ್ನು ನನಗೆ ಕಳಿಸಿದರು. ಅದರಲ್ಲಿ ಎರಡು ಸೀರೆ, ವಿಭೂತಿ ಗಟ್ಟಿ, ಮಫ್ಲರು, ಒಂದು ಜೊತೆ ಕಡ್ಡಿ.

ಅದಾಗಿ ಕೆಲವು ವರ್ಷಗಳ ಮೇಲೆ ತಾರಿಹಾಳಕ್ಕೆ ಹೋಗಿ ಗಂಗವ್ವನನ್ನು ಕಂಡೆ. ಆಗಿನ್ನೂ ಅದು ಹೊಲಗಳ ನಡುವಿನ ಹಳ್ಳಿ. ದೊಡ್ಡ ಮೈಯ ಗಂಗವ್ವ ಕರಗಿ ಹಿಡಿಯಷ್ಟಾಗಿದ್ದಳು, ನಾಲಿಗೆ ಮಾತ್ರ ಮೊದಲಿನಷ್ಟೇ ಇತ್ತು. ನಾನು ನಗಿಸಲೆಂದು, ಮೂರು ವರ್ಷ ಕೂತರೂ ನಿಮಗೆ ಬಾರದ ವಿದ್ಯೆ ಒಂಬತ್ತು ವರ್ಷದ ನನಗೆ ಬಂದದ್ದನ್ನು ತೆಗೆದೆ.

"ಬರತಿದ್ದಿಲ್ಲಂತ ಯಾರಂದ್ರು?" ಎಂದಳು ಗಂಗವ್ವ. "ಆವತ್ತ ಗಾಡಿ ತಡಾ ಆಗಿತ್ತು. ಮಡ್ಡಮ್ಮ ಸ್ಟೇಶನ್ದಾಗ ತನ್ನ ಟ್ರಂಕಿನ ಮ್ಯಾಲ ಕುಂತು ಮೂವರಿಗೂ ಕಲಿಸಿದ್ಲು. ಟಾಂಗಾದಾಗ ಬರೂ ಮುಂದ ನಿಮ್ಮತ್ತಿ 'ಕಲಿಸಲಿಲ್ಲ' ಅಂದ್ಲು. ರುಕ್ಮಾಬಾಯಿ ನನ್ನ ಮಾರಿ ನೋಡಿದ್ಲು, ನಾ ಆಕಿ ಮಾರಿ ನೋಡಿದೆ. 'ಹೌದವಾ, ಕಲಿಸಲಿಲ್ಲ' ಅಂದ್ವಿ. ಆಮ್ಯಾಲ ಮೂರು ವರ್ಷ ಆ ಮಾತ ತಗೀಲಿಲ್ಲ, ನಮ್ಮನಮ್ಮೊಳಗೂ."

 ಅಜ್ಜನೇ ಗಿಡ್ಡವಾಯಿತು ಎಂದಾಗ ಬಿಚ್ಚಬಹುದಿತ್ತಲ್ಲ ಎಂದೆ.

"ನಾನೂ ಅದನ್ನ ಕೇಳಿದೆ, ತಂಗಿ. 'ಕೂಸು ಅಷ್ಟು ಹಿಗ್ಗಿಲೆ ಮುಚ್ಚೇತಿ. ಅದರ ಮುಂದ ಬಿಚ್ಚೂದು ಹ್ಯಾಂಗ, ಗಂಗಕ್ಕಾ' ಅಂದ್ಲು."

ಆ ಮಾತನ್ನು ಹೊತ್ತುಕೊಂಡು ಎಷ್ಟು ದಸರೆಗಳು ಕಳೆದವೋ. ಪ್ರತಿ ವರ್ಷ ಹರವುತ್ತಿದ್ದೆ, ಮುಚ್ಚಿದ ಅಂಚಿನ ಮೇಲೆ ಬೆರಳಾಡಿಸುತ್ತಿದ್ದೆ, ಮಡಚಿ ಇಡುತ್ತಿದ್ದೆ. ಈ ವರ್ಷ ಕನ್ನಡಕ ಹಾಕಿಕೊಂಡು ಮಾಳಿಗೆಯ ಮೇಲೆ ಕೂತು ಆ ಕೊನೆಯ ಗಂಟನ್ನು ಸೂಜಿಯಿಂದ ಸಡಿಲಿಸಿದೆ. ಬೇಗ ಬಿಚ್ಚಿಬಿಡುತ್ತದೆಂದು ತಿಳಿದಿದ್ದೆ. ಇಲ್ಲ, ಹಳೆಯ ಉಣ್ಣೆ ಒಂದನ್ನೊಂದು ಕಚ್ಚಿ ಹಿಡಿದಿತ್ತು, ಒಂದೊಂದು ಕುಣಿಕೆಯನ್ನೂ ಬೇಡಿಕೊಂಡು ಬಿಡಿಸಬೇಕಾಯಿತು. ಬಿಡಿಸಿದ ಹಾಗೆಲ್ಲ ಅತ್ತಿಯ ಕಡ್ಡಿಗೆ ಏರಿಸಿದೆ. ಅರವತ್ತೂ ಇದ್ದವು. ಆಕೆ ನೀರು ಸೇದಲು ಎದ್ದು ಹೋದಾಗ ಹೇಗಿದ್ದವೋ ಹಾಗೆ.

ಬೈರಿದೇವರಕೊಪ್ಪದ ನಮ್ಮ ಈ ಓಣಿಯಲ್ಲಿ ಮನೆಗಳು ಒತ್ತೊತ್ತಾಗಿವೆ. ಪಕ್ಕದ ಮಾಳಿಗೆಯಲ್ಲಿ ಅರಿವೆ ಒಣಹಾಕುತ್ತಿದ್ದ ಆ ಮನೆಯ ಸೊಸೆ ಇಣುಕಿ ನೋಡಿದಳು. "ಇದೇನ್ರಿ, ಅಮ್ಮಾರ, ಇಷ್ಟುದ್ದ. ಇನ್ನೂ ಮುಗಿದಿಲ್ಲೇನ್ರಿ?"

"ಇಲ್ಲವ್ವಾ," ಎಂದೆ. "ಇನ್ನೂ ಮುಗಿದಿಲ್ಲ."

ಅಂದು ಗುರುವಾರ. ಕೆಳಗೆ ಅಡಿಗೆಮನೆಯಲ್ಲಿ ಚುರಮುರಿ ನೆನೆಹಾಕಿ ಬಂದಿದ್ದೆ, ಆ ಮೂವರಿಗೂ ನನಗೂ ಗಾದಿಗೊಂದು ತಟ್ಟೆಗೂ ಆಗುವಷ್ಟು. ತಪ್ಪಿದವರೇ ಮಾಡಬೇಕಲ್ಲ.