ಮೂರು ತುತ್ತಿನ ಮಧ್ವೇಶ
ನಮ್ಮ ರಾಜಾಜಿನಗರದ ಮಧ್ವೇಶನಷ್ಟು ನಾಚಿಕೆಗೆಟ್ಟ ಜಂಬಗಾರನನ್ನು ನಾನು ಕಂಡಿಲ್ಲ. ಬೊಜ್ಜು ಇಳಿಸಲು, ಸಣ್ಣ ತೂತುಗಳಲ್ಲೇ ಮಾಡುವ ಕೀಹೋಲ್ ಆಪರೇಷನ್ ಮಾಡಿಸಿಕೊಂಡು ಮುಕ್ಕಾಲು ಹೊಟ್ಟೆ ತೆಗೆಸಿದ್ದಾನೆ. ಜಂಬವನ್ನು ಡಾಕ್ಟರು ಮುಟ್ಟಿಲ್ಲ. ತರಕಾರಿ ಅಂಗಡಿಯಲ್ಲೂ ಅಂಗಿ ಎತ್ತಿ ಗಾಯದ ಗುರುತು ತೋರಿಸುತ್ತಾನೆ: "ನೋಡಿ ಮೇಡಂ, ಕಳ್ಳ ಕಿಂಡೀಲಿ ನುಗ್ಗಿ ಸಾಮಾನು ಸಾಗಿಸ್ದಂಗೆ." ಹೋಳಿಗೆ ಊಟವಿದ್ದಲ್ಲಿ ಮೊದಲ ಪಂಕ್ತಿಗೇ ಹಾಜರು. ಮೂರು ತುತ್ತು ತಿಂದು, ಉಳಿದವರು ಸಾರಿಗೆ ಬರುವಷ್ಟರಲ್ಲಿ ಎದ್ದುಬಿಡುತ್ತಾನೆ. ಪಂಕ್ತಿಗಿಂತ ಮೊದಲು ಏಳಬಾರದೆಂದು ಗದರಿದರೆ, "ಹೊಟ್ಟೇನೇ ಇಲ್ದೋನಿಗೆ ಯಾವ ಪಂಕ್ತಿ ಮೇಡಂ" ಎನ್ನುತ್ತಾನೆ. ಮೊನ್ನೆ ಒಂದು ನಾಮಕರಣದಲ್ಲಿ ಅವನ ಪಕ್ಕ ಕೂತಿದ್ದ ದಪ್ಪ ಹುಡುಗಿ ಮಾಲವಿಕಾಳಿಗೆ ಯಾರೋ, "ಇನ್ನೂ ತಿಂತೀಯೇನೇ?" ಎಂದರು. ಅವಳು ಅನ್ನ ಬಿಟ್ಟು ಎಲೆ ಮಡಚಲು ಹೊರಟಳು. "ಕೂತ್ಕೋಮ್ಮ, ನಂದಿನ್ನೂ ಮುಗ್ದಿಲ್ಲ" ಎಂದ ಮಧ್ವೇಶ, ಅವಳು ಮಜ್ಜಿಗೆ ಅನ್ನ ಮುಗಿಸುವವರೆಗೂ ತನ್ನ ಖಾಲಿ ಎಲೆಯ ಮೇಲೆ ಬೆರಳಾಡಿಸುತ್ತ ಕೂತಿದ್ದ.